ಮಗನನ್ನು ಎಲ್ಲಾದರೂ ಬಿಟ್ಟು ಬಂದರೆ ಸರಿಹೋಗ್ತಾನಾ?

"ಅಕ್ಕೋರೆ, ಒಂದ್ ಮಾತು ಕೇಳ್ಬೇಕಿತ್ರಿ."

ದನಿ ಇಳಿಸಿ ಹೀಗೆ ಶುರು ಮಾಡಿದರೆ ಮುಂದಿನ ಪ್ರಶ್ನೆ ಯಾವುದು ಅಂತ ನನಗೆ ಗೊತ್ತಾಗಿಬಿಡುತ್ತದೆ. ಕೊಪ್ಪಳದಲ್ಲಿ ಹೈಸ್ಕೂಲ್ ಟೀಚರ್ ಆಗಿ 20 ವರ್ಷ ದಾಟಿತು. ಈ ಪ್ರಶ್ನೆಯನ್ನು ಯಾರೂ ಸ್ಟಾಫ್ ರೂಮಿಗೆ ಬಂದು ಕೇಳುವುದಿಲ್ಲ. ಶಾಲೆಯ ಗೇಟಿನ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ, ಗವಿಮಠದ ಜಾತ್ರೆಯ ನೂಕುನುಗ್ಗಲಿನಲ್ಲಿ ಪಕ್ಕಕ್ಕೆ ಕರೆದು ಕೇಳುತ್ತಾರೆ.

ಹೋದ ತಿಂಗಳು ಕೇಳಿದವರು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು. ಮಗ ಹತ್ತನೇ ಕ್ಲಾಸು. ಶಾಲೆಗೆ ಅಂತ ಮನೆ ಬಿಡುತ್ತಾನೆ, ಶಾಲೆ ಮುಟ್ಟುವುದಿಲ್ಲ. ರಾತ್ರಿ ಎರಡರವರೆಗೆ ಮೊಬೈಲು. ಕಸಿದುಕೊಂಡರೆ ತಾಯಿಯ ಮೇಲೆ ಕೈ ಎತ್ತುತ್ತಾನೆ. ಅವರ ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಒಂದು ಪಾಂಪ್ಲೆಟ್ ಇತ್ತು. ಹಠಮಾರಿ ಮಕ್ಕಳಿಗೆ 90 ದಿನದ ವಸತಿ ತರಬೇತಿ, ಬದಲಾವಣೆ ಗ್ಯಾರಂಟಿ ಅಂತ ಅದರಲ್ಲಿ. ಕೆಳಗೆ ತಲೆ ಬೋಳಿಸಿಕೊಂಡು ಸಾಲಾಗಿ ನಿಂತ ಹುಡುಗರ ಫೋಟೊ.

"ಒಯ್ದು ಬಿಟ್ಟು ಬರ್ಬೇಕಂತ ಮಾಡೀವ್ರಿ. ಸುಧಾರಸ್ತಾನೋ ಇನ್ನಷ್ಟು ಕೆಡ್ತಾನೋ, ನೀವ ಹೇಳ್ರಿ."

ಗೇಟಿನಲ್ಲಿ ನಿಂತು ಇದಕ್ಕೆ ಅರ್ಧಂಬರ್ಧ ಉತ್ತರ ಹೇಳಿ ಹೇಳಿ ನನಗೇ ಸಾಕಾಗಿದೆ. ಅದಕ್ಕೇ ಒಂದು ಸಲ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ಇದೇ ಪ್ರಶ್ನೆಗೆ ನಾನು "ಕಳಿಸಿ ನೋಡಿ" ಅಂದಿದ್ದೆ. ಕೇಳಿದವರು ಭಾಗ್ಯನಗರದ ಒಬ್ಬ ತಾಯಿ. ಕೂದಲು ಬಿಡಿಸುವ ಕೆಲಸ ಅವರದು. ನಮ್ಮ ಭಾಗ್ಯನಗರಕ್ಕೆ ಎಲ್ಲೆಲ್ಲಿಂದಲೋ ಕೂದಲು ಬರುತ್ತದೆ, ಮನೆಮನೆಯಲ್ಲಿ ಹೆಂಗಸರು ಅದರ ಸಿಕ್ಕು ಬಿಡಿಸುತ್ತಾರೆ. ಮಗ ನನ್ನ ಒಂಬತ್ತನೇ ಕ್ಲಾಸಿನ ಹುಡುಗ. ದೊಡ್ಡ ಹುಡುಗರ ಜೊತೆ ತಿರುಗುತ್ತಿದ್ದ, ಗುಟ್ಕಾ ಹಾಕುತ್ತಿದ್ದ, ತಾಯಿಯ ಕೂಲಿ ದುಡ್ಡು ಎಗರಿಸುತ್ತಿದ್ದ. ಇಂಥವರನ್ನು ಸರಿ ಮಾಡುವ ಒಂದು ಜಾಗ ಇದೆ ಅಂತ ನನಗೂ ಯಾರೋ ಹೇಳಿದ್ದರು. ನಾನು ಹೋಗಿ ನೋಡಲಿಲ್ಲ. ಸುಮ್ನೆ ಕೇಳಿದ್ದನ್ನು ದಾಟಿಸಿದೆ. ಆ ತಾಯಿ ಸಂಘದಲ್ಲಿ ಸಾಲ ಎತ್ತಿ ಬಿಟ್ಟು ಬಂದರು. ಮೊದಲ ಮೂರು ತಿಂಗಳು ನೋಡಲು ಬರಬಾರದು, ಫೋನೂ ಮಾಡಬಾರದು ಅನ್ನುವುದು ಅಲ್ಲಿನ ರೂಲ್ಸು. ಮಗುವಿನ ಮನಸ್ಸು ಚಂಚಲ ಆಗುತ್ತದಂತೆ.

ಐದು ತಿಂಗಳಿಗೆ ಹುಡುಗ ವಾಪಸ್ ಬಂದ. ಎರಡನೇ ದಿನ ನಾನು ಅವರ ಮನೆಗೆ ಹೋದೆ. ಎರಡೇ ಕೋಣೆ, ಮೂಲೆಯಲ್ಲಿ ಬಿಡಿಸಿಟ್ಟ ಕೂದಲಿನ ಗೊಂಚಲು. ನಾನು ಒಳಗೆ ಕಾಲಿಟ್ಟ ತಕ್ಷಣ ಹುಡುಗ ಎದ್ದು ಕೈ ಹಿಂದೆ ಕಟ್ಟಿ ಗೋಡೆಗೆ ಹತ್ತಿ ನಿಂತ. "ಕುಂದ್ರೋ" ಅಂತ ತಾಯಿ ಎರಡು ಸಲ ಹೇಳಿದ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದ. "ನೀರು ಕುಡೀಲಾ?" ಅಂತ ತಾಯಿಯನ್ನು ಕೇಳಿದ. ಕೊಡ ಅವನ ಕಾಲ ಬುಡದಲ್ಲೇ ಇತ್ತು. ಆಕೆ ಹೂಂ ಅನ್ನುವವರೆಗೆ ಅದರತ್ತ ನೋಡಲೂ ಇಲ್ಲ. ಕುಡಿದು, ತಂಬಿಗೆ ಬೋರಲು ಹಾಕಿ, ಮತ್ತೆ ಅದೇ ಗೋಡೆಗೆ ಬಂದು ನಿಂತ.

"ನೋಡ್ರಿ ಅಕ್ಕೋರೆ, ಎಂಥಾ ಶಿಸ್ತು ಬಂದೈತಿ" ಅಂತ ತಾಯಿ ಕಣ್ಣು ಒರೆಸಿಕೊಂಡರು. ನನಗೂ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ಯಜಮಾನರ ಮುಂದೆ ಹೇಳಿಕೊಂಡರೆ ಅವರು ಊಟ ಮಾಡುತ್ತಲೇ ಕೇಳಿದರು: "ತನ್ನ ಮನೆ ನೀರಿಗೆ ಪರ್ಮಿಷನ್ ಕೇಳ್ತಾನಂದ್ರ ಅದು ಹೆದರಿಕೆ ಅಲ್ವಾ?"

ಆ ಶಿಸ್ತು ಏಳು ವಾರ ಬಾಳಿತು. ಅಲ್ಲಿ ಜೊತೆಗಿದ್ದ ಹುಡುಗರು ಹುಡುಕಿಕೊಂಡು ಬಂದರು. ಗುಟ್ಕಾ ಒಂದೇ ಗೊತ್ತಿದ್ದವನಿಗೆ ಈಗ ಪಂಕ್ಚರ್ ಸೊಲ್ಯೂಷನ್ ಮೂಸುವುದೂ ಗೊತ್ತಿತ್ತು. ಅಲ್ಲಿ ಕೋಣೆಯಲ್ಲಿ ಕೂಡಿ ಹಾಕುತ್ತಿದ್ದರು, ಹೊಡೆಯುತ್ತಿದ್ದರು ಅನ್ನುವುದನ್ನು ಒಂದು ವರ್ಷ ಬಿಟ್ಟು ನನಗೆ ಹೇಳಿದ. "ಬಾಯಿ ಮುಚ್ಗೊಂಡಿದ್ರ ಲಗೂ ಬಿಡ್ತಾರಂತ ಗೊತ್ತಾತ್ರಿ. ಅದಕ್ಕ ಮುಚ್ಗೊಂಡೆ." ತಾಯಿಗೆ ಹೇಳಲಿಲ್ಲ ಯಾಕೆ ಅಂದೆ. "ಅಕೀನ ಬಿಟ್ಟು ಬಂದಾಕಿ ಅಲ್ರಿ" ಅಂದ. ಸಂಘದ ಸಾಲದ ಕಂತು ಆಗಲೂ ನಡೆದಿತ್ತು.

ಆಮೇಲೆ ನಾನು ಈ ವಿಷಯ ಓದಲು ಶುರು ಮಾಡಿದೆ. ಇಂಥ ಜಾಗಗಳು ದೊಡ್ಡ ವ್ಯಾಪಾರವಾಗಿ ಬೆಳೆದದ್ದು ಅಮೆರಿಕದಲ್ಲಿ. ಮಿಲಿಟರಿ ತರದ ಕ್ಯಾಂಪು, ಮರುಭೂಮಿಯಲ್ಲಿ ವಾರಗಟ್ಟಲೆ ನಡೆಸುವ ಕ್ಯಾಂಪು, ಬೀಗ ಹಾಕಿದ ವಸತಿ ಶಾಲೆ. ಅಲ್ಲಿನ ಸಂಸತ್ತಿಗಾಗಿ ತನಿಖೆ ಮಾಡುವ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2007ರಲ್ಲಿ ಒಂದು ವರದಿ ಕೊಟ್ಟಿತು. 2005ರ ಒಂದೇ ವರ್ಷದಲ್ಲಿ ಮಕ್ಕಳಿಗೆ ಹಿಂಸೆ ಕೊಟ್ಟ ಘಟನೆಗಳಲ್ಲಿ 1,619 ಸಿಬ್ಬಂದಿ ಭಾಗಿ ಅಂತ 33 ರಾಜ್ಯಗಳು ತಿಳಿಸಿದ್ದವು. 1990ರಿಂದ 2004ರ ನಡುವೆ ಸತ್ತ ಹತ್ತು ಮಕ್ಕಳ ಪ್ರಕರಣಗಳನ್ನು ಆ ವರದಿ ಬಿಡಿಬಿಡಿಯಾಗಿ ನೋಡಿತ್ತು. ಕೆಲವರು ಬಿಸಿಲಿಗೆ, ನೀರಿಲ್ಲದೆ ಸತ್ತವರು. ಆಗಲ್ಲ ಅಂತ ಕುಸಿದವರನ್ನು ಸಿಬ್ಬಂದಿ ನಾಟಕ ಅಂದುಕೊಂಡಿದ್ದರು. ಅದನ್ನು ಓದುವಾಗ ಕೈ ತಣ್ಣಗಾಯಿತು. "ನಾಟಕ ಮಾಡ್ಬ್ಯಾಡ" ಅನ್ನುವುದು ನಮ್ಮ ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲ ಕೇಳುವ ಮಾತು!

ಶ್ರೀಮಂತರ ಮಕ್ಕಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಹೋಟೆಲ್ ಮನೆತನದ ಪ್ಯಾರಿಸ್ ಹಿಲ್ಟನ್ ಹದಿಹರೆಯದಲ್ಲಿ ಯೂಟಾ ರಾಜ್ಯದ ಇಂಥ ಒಂದು ಕಡೆ ಇದ್ದವರು. 2021ರಲ್ಲಿ ಅಲ್ಲಿನ ಶಾಸಕರ ಮುಂದೆ ಬಂದು ತಾನು ಪಟ್ಟದ್ದನ್ನು ಹೇಳಿದರು. 2024ರ ಡಿಸೆಂಬರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇಂಥ ಸಂಸ್ಥೆಗಳಲ್ಲಿನ ಮಕ್ಕಳ ಹಿಂಸೆ ತಡೆಯಲು ಒಂದು ಕಾನೂನು ಮಾಡಿತು.

ಹೊಡೆಯದ, ಕೂಡಿ ಹಾಕದ, ಒಳ್ಳೆಯ ಮನಸ್ಸಿನ ಜಾಗ ಆದರೆ ಪರವಾಗಿಲ್ಲವಾ? ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೆ ಉತ್ತರ ಸಿಕ್ಕಿದ್ದು ಇನ್ನೂ ಹಳೆಯ ಒಂದು ಅಧ್ಯಯನದಲ್ಲಿ. ಅಮೆರಿಕದ ಬೋಸ್ಟನ್ ಹತ್ತಿರದ ಕೇಂಬ್ರಿಡ್ಜ್ ಮತ್ತು ಸೋಮರ್‌ವಿಲ್ ಅನ್ನುವ ಎರಡು ಊರಲ್ಲಿ 1939ರಲ್ಲಿ ಶುರುವಾದದ್ದು. ಐನೂರು ಚಿಲ್ಲರೆ ಹುಡುಗರನ್ನು ಮನೆ, ಸ್ವಭಾವ ಎಲ್ಲ ಹೋಲಿಸಿ ಜೋಡಿ ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಎಲ್ಲ ನೆರವು: ಬುದ್ಧಿ ಹೇಳುವ ದೊಡ್ಡವರು, ಪಾಠ, ಬೇಸಿಗೆ ಶಿಬಿರ. ಇನ್ನೊಬ್ಬನಿಗೆ ಏನೂ ಇಲ್ಲ. ಸುಮಾರು 30 ವರ್ಷದ ನಂತರ ಜೋನ್ ಮೆಕಾರ್ಡ್ ಅನ್ನುವ ಸಂಶೋಧಕಿ ಅವರನ್ನೆಲ್ಲ ಹುಡುಕಿಸಿದರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ "ನಮಗೆ ಅನುಕೂಲ ಆಯ್ತು" ಅಂದರು. ದಾಖಲೆ ತೆಗೆದು ನೋಡಿದರೆ ಬೇರೆಯದೇ ಕಥೆ. ಕುಡಿತ, ಮಾನಸಿಕ ಕಾಯಿಲೆ, ಬೇಗ ಸಾಯುವುದು, ಒಂದಕ್ಕಿಂತ ಹೆಚ್ಚು ಅಪರಾಧ ಮಾಡುವುದು, ಎಲ್ಲದರಲ್ಲೂ ಏನೂ ನೆರವು ಸಿಗದವರಿಗಿಂತ ಇವರೇ ಮುಂದೆ. ಯಾರೂ ಹೊಡೆದಿರಲಿಲ್ಲ. ಮುಂದೆ 1999ರಲ್ಲಿ ಮೆಕಾರ್ಡ್ ಇನ್ನಿಬ್ಬರ ಜೊತೆ ಸೇರಿ ಬರೆದ ಲೇಖನದಲ್ಲಿ ಕಾರಣದ ಒಂದು ಎಳೆ ಇದೆ. ಕೆಟ್ಟದ್ದು ಜಾಸ್ತಿ ಆಗಿದ್ದು ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಹೋದ ಹುಡುಗರಿಗೆ. ದೊಡ್ಡವರು ಪಾಠ ಮಾಡಿ ಎದ್ದು ಹೋದ ಮೇಲೆ ಹುಡುಗರು ಹುಡುಗರಿಗೆ ಕಲಿಸುತ್ತಾರೆ. ಒಬ್ಬ ತಾನು ಮಾಡಿದ ಉಡಾಳತನ ಹೇಳಿದರೆ ಉಳಿದವರು ನಗುತ್ತಾರೆ. ಆ ನಗುವೇ ಅವನಿಗೆ ಫಸ್ಟ್ ಪ್ರೈಜ್.

ಭಾಗ್ಯನಗರದ ಹುಡುಗ ಸೊಲ್ಯೂಷನ್ ಮೂಸಲು ಕಲಿತದ್ದು ಹೀಗೇ. ಪಾಂಪ್ಲೆಟ್ಟಿನಲ್ಲಿ "ನಮ್ಮ ಮಗ ಬದಲಾದ" ಅನ್ನುವ ತಂದೆ ತಾಯಿಯ ಮಾತು ಹಾಕಿರುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಆ ಮೂರರಲ್ಲಿ ಎರಡು ಪಾಲು ನೆನಪಾಗುತ್ತದೆ. ಅವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಹಾಗಂತ ಹಾಸ್ಟೆಲ್ಲೇ ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ, ಬಿಸಿಎಂ ಹಾಸ್ಟೆಲ್ಲಿನಲ್ಲಿ ಇದ್ದು ಓದಿ ಮೇಲೆ ಬಂದ ನನ್ನ ಮಕ್ಕಳು ಎಷ್ಟೋ ಮಂದಿ. ಕೆಲವು ಮನೆಗಳೇ ಮಕ್ಕಳಿಗೆ ಅಪಾಯ. ಅಪ್ಪ ಕುಡಿದು ಬಂದು ಬಡಿಯುವ ಮನೆಯಿಂದ ಮಗುವನ್ನು ಹೊರಗೆ ತರಲೇಬೇಕು. ಅದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ. ಮಗು ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡರೆ, ಈ ಬರಹ ಓದುತ್ತಾ ಕೂರಬೇಡಿ, ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಅಡ್ಮಿಟ್ ಮಾಡಿ ಅಂದರೆ ಮಾಡಿ.

ಆದರೆ ಅಡ್ಮಿಟ್ ಮಾಡುವುದಕ್ಕೂ ಬಿಟ್ಟು ಬರುವುದಕ್ಕೂ ಎಷ್ಟು ದೂರ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ 18 ತುಂಬದವರನ್ನು ಸೇರಿಸಿಕೊಳ್ಳಬೇಕಾದರೆ ಒಬ್ಬ ಮನೋವೈದ್ಯರ ಜೊತೆ ಇನ್ನೊಬ್ಬ ತಜ್ಞರೋ ಡಾಕ್ಟರೋ ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು. ದೊಡ್ಡವರ ಜೊತೆ ಮಲಗಿಸುವ ಹಾಗಿಲ್ಲ. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಸರಪಳಿ ಹಾಕುವುದಂತೂ ಯಾರಿಗೂ, ಯಾವ ಕಾರಣಕ್ಕೂ ಇಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡಿದ್ದ ಒಂದು ಜಾಗಕ್ಕೆ ಬೆಂಕಿ ಬಿದ್ದಾಗ ಓಡಲಾಗದೆ 28 ಜನ ಸುಟ್ಟುಹೋದರು, ಸರಪಳಿಯಲ್ಲಿ ಕಟ್ಟಿದ್ದರು. ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಓದಿದ ದಿನ ಆ ಭಾಗ್ಯನಗರದ ತಾಯಿಯ ಮುಖ ಕಣ್ಣ ಮುಂದೆ ಬಂತು. ಮಗು ಅಲ್ಲಿರುವಷ್ಟು ದಿನವೂ ಅದರ ಪರವಾಗಿ ಒಬ್ಬರು, ತಂದೆಯೋ ತಾಯಿಯೋ ಅವರು ನೇಮಿಸಿದವರೋ, ಜೊತೆಗೇ ಇರಬೇಕು. ಕಾನೂನು ತಾಯಿಯನ್ನು ಒಳಗೇ ಇರು ಅನ್ನುತ್ತದೆ. ಇವರು ಮೂರು ತಿಂಗಳು ಈ ಕಡೆ ತಲೆ ಹಾಕಬೇಡ ಅನ್ನುತ್ತಾರೆ. ಹುಲಿಗೆಮ್ಮನ ಗುಡಿಗೆ ಹರಕೆ ಹೊತ್ತು ಮಗನನ್ನು ಕರೆದುಕೊಂಡು ಹೋಗುವವರಿಗೆ ನಾನು ಏನೂ ಹೇಳುವುದಿಲ್ಲ. ಅಲ್ಲಿಗೆ ತಾಯಿ ಮಗ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಾರಲ್ಲ.

ಮನೆಯಲ್ಲೇ ಇಟ್ಟುಕೊಂಡು ಏನು ಮಾಡೋದು ಅಂತೀರಾ? ಮೂರು ವರ್ಷದ ಹಿಂದಿನ ಇನ್ನೊಬ್ಬ ಹುಡುಗನದು ಹೇಳುತ್ತೇನೆ. ಅಪ್ಪ ಗೌಂಡಿ. ಹುಡುಗ ಮನೆಯಲ್ಲಿ ಕಳ್ಳತನ ಮಾಡುತ್ತಿದ್ದ, ಶಾಲೆಯಲ್ಲಿ ಹೊಡೆದಾಟ. ಈ ಸಲ ನಾನು ಕಳಿಸಿ ಅನ್ನಲಿಲ್ಲ, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋದೆ. ಮೂರು ಸಲ ಹೋದರೂ ಹುಡುಗ ಬಾಯಿ ಬಿಡಲಿಲ್ಲ. ಕೌನ್ಸೆಲರ್ ಅಪ್ಪನಿಗೆ ಹೇಳಿದ್ದು ಇಷ್ಟೇ: ಭಾನುವಾರ ಕೆಲಸಕ್ಕೆ ಹೋಗುವಾಗ ಕರೆದುಕೊಂಡು ಹೋಗಿ, ಏನೂ ಕೇಳಬೇಡಿ. ಅಪ್ಪನಿಗೆ ಇದು ಯಾವ ಟ್ರೀಟ್‌ಮೆಂಟು ಅನ್ನಿಸಿತ್ತು. ನಾಲ್ಕನೇ ಭಾನುವಾರ ಗಿಣಿಗೇರಿ ದಾಟಿ ಬರುವಾಗ ಬೈಕಿನ ಹಿಂದೆ ಕೂತವನು ಶುರು ಮಾಡಿದನಂತೆ. ಹಿಂದೆ ಕೂತರೆ ಅಪ್ಪನ ಮುಖ ನೋಡುವ ಹಾಗಿಲ್ಲವಲ್ಲ. ಮೊಬೈಲ್ ಆಟದಲ್ಲಿ ದುಡ್ಡು ಕಳೆದಿದ್ದ. ದೊಡ್ಡ ಹುಡುಗರ ಹತ್ತಿರ ಸಾಲ ಮಾಡಿ ಹನ್ನೊಂದು ಸಾವಿರ ಆಗಿತ್ತು. ಕೊಡದಿದ್ದರೆ ತಂಗಿಯ ಫೋಟೊ ಹಾಕುತ್ತೇವೆ ಅಂತ ಹೆದರಿಸುತ್ತಿದ್ದರು.

90 ದಿನ ಎಲ್ಲಿ ಬಿಟ್ಟು ಬಂದಿದ್ದರೂ ಆ ಹನ್ನೊಂದು ಸಾವಿರ ಇಲ್ಲೇ ಕಾದಿರುತ್ತಿತ್ತು. ಅಪ್ಪ ಮೂರು ಕಂತಿನಲ್ಲಿ ತೀರಿಸಿದರು. ಹುಡುಗರ ಮನೆಗೂ ಹೋಗಿ ಮಾತಾಡಿ ಬಂದರು. ಇವನು ಸಂತ ಆಗಲಿಲ್ಲ. ಗಣಿತದಲ್ಲಿ ಫೇಲಾಗಿ ಪೂರಕ ಪರೀಕ್ಷೆಯಲ್ಲಿ ಪಾಸಾದ. ಈಗ ಐಟಿಐಗೆ ಹೋಗುತ್ತಾನೆ, ಅಪ್ಪನ ಬೈಕು ಅವನ ಕೈಯಲ್ಲೇ ಇರುತ್ತದೆ.

ಇದು ಎಲ್ಲ ಮನೆಯಲ್ಲೂ ಹೀಗೇ ಬಗೆಹರಿಯುತ್ತದೆ ಅಂತ ಹೇಳಲಾರೆ. ಹೊರಗಿನ ದೇಶಗಳಲ್ಲಿ ಥೆರಪಿಸ್ಟುಗಳೇ ಮನೆಗೆ ಹೋಗಿ ಅಪ್ಪ, ಅಮ್ಮ, ಶಾಲೆ ಎಲ್ಲರನ್ನೂ ಸೇರಿಸಿ ತಿಂಗಳುಗಟ್ಟಲೆ ಕೆಲಸ ಮಾಡುವ ಪದ್ಧತಿ ಇದೆ, ಅದರ ಫಲವೂ ಎಲ್ಲ ಕಡೆ ಒಂದೇ ತರ ಬಂದಿಲ್ಲ. ಆದರೆ ನಮ್ಮ ಕಡೆಯವರಿಗೆ ಒಂದು ವಿಷಯ ಮರೆತುಹೋಗಿದೆ. ಕಾಯಿಲೆಯವರನ್ನು ದೂರದ ಆಸ್ಪತ್ರೆಗೆ ಸಾಗಿಸುವ ಬದಲು ಊರ ಹತ್ತಿರವೇ ನೋಡಬೇಕು ಅಂತ ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಪ್ರಯೋಗ ಮಾಡಿದ್ದು ಪಕ್ಕದ ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೇ ತರಬೇತಿ ಕೊಟ್ಟರು. ಅದನ್ನೇ ಬಳ್ಳಾರಿ ಮಾದರಿ ಅಂತ ಕರೆದು 1996ರಿಂದ ದೇಶದ ಬೇರೆ ಜಿಲ್ಲೆಗಳಿಗೆ ಒಯ್ದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಆಸ್ಪತ್ರೆಯಲ್ಲಿ ಬೋರ್ಡು ನೋಡುತ್ತೀರಲ್ಲ, ಅದರ ತವರು ನಮ್ಮ ಪಕ್ಕದ ಊರು. ಹೋಗಲು ಮುಜುಗರ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗಂಗಾವತಿಯ ಆ ಅಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಪಾಂಪ್ಲೆಟ್ಟಿನಲ್ಲಿರುವ ನಂಬರಿಗೆ ಈಗಲೇ ಫೋನ್ ಮಾಡಿ, ಸ್ಪೀಕರ್ ಹಾಕಿ ಅಂದೆ. ಮೂರು ಪ್ರಶ್ನೆ ಬರೆದುಕೊಟ್ಟೆ. ನಿಮ್ಮಲ್ಲಿ ನೋಡುವ ಡಾಕ್ಟರ ಹೆಸರೇನು? ದಿನಾ ಸಂಜೆ ಮಗನ ಜೊತೆ ಒಬ್ಬನೇ ಫೋನಿನಲ್ಲಿ ಮಾತಾಡಬಹುದಾ? ಹೇಳದೆ ಕೇಳದೆ ಗುರುವಾರ ಬಂದರೆ ಒಳಗೆ ಬಿಡ್ತೀರಾ?

ಮೊದಲನೆಯದಕ್ಕೆ ಆ ಕಡೆಯವರು "ನಮ್ ಸರ್‌ಗೆ ಎಲ್ಲಾ ಗೊತ್ತೈತ್ರಿ" ಅಂದರು. ಎರಡನೆಯದಕ್ಕೆ "ಮನಸ್ಸು ಚಂಚಲ ಆಗ್ತದ್ರಿ" ಅಂದರು. ಮೂರನೆಯದನ್ನು ಕೇಳುವಷ್ಟರಲ್ಲಿ "ಮೊದ್ಲು ಅಡ್ವಾನ್ಸ್ ಹಾಕ್ರಿ, ಆಮ್ಯಾಲ ಮಾತಾಡೋಣಂತ" ಅಂದು ಇಟ್ಟರು.

ಅವರು ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಪಾಂಪ್ಲೆಟ್ ಎಸೆಯಲಿಲ್ಲ. ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಬಸ್ ಹತ್ತುವಾಗ ತಿರುಗಿ ಕೇಳಿದರು: "ಆಸ್ಪತ್ರ್ಯಾಗ ಅವನ ತಾಯೀನೂ ಒಳಗ ಕೂಡ್ಬೋದೇನ್ರಿ?"

ಕೂಡಬಹುದು ಅಂದೆ.