ಬೊಡ್ಡಜ್ಜನ ಮುಂದೆ ನಮ್ಮ ಮಾಣಿ

ಬೆಳಿಗ್ಗೆ ಎದ್ದರೆ ನಮ್ಮ ಮನೆಯಲ್ಲಿ ಮೊದಲು ದೇವರ ದೀಪ, ಆಮೇಲೆ ಟ್ಯೂಬ್. ಮಗನ ಬೆಳಗಿನ ಮೂತ್ರವನ್ನು ಸಣ್ಣ ಗಾಜಿನ ಟ್ಯೂಬಿಗೆ ಹಾಕಿ, ಡಾಕ್ಟರ್ ಹೇಳಿದಷ್ಟು ಹನಿ ಆಸಿಡ್ ಬಿಡಬೇಕು. ಹಿಂದೆ ಪೇಪರ್ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಪೇಪರಿನ ಅಕ್ಷರ ಸರಿಯಾಗಿ ಕಾಣುತ್ತದೆ. ಸ್ವಲ್ಪ ಕದಡಿದರೆ ಅಕ್ಷರ ಮಸುಕು. ಮಜ್ಜಿಗೆಯ ಹಾಗೆ ಬೆಳ್ಳಗಾಗಿ ಏನೂ ಕಾಣದಿದ್ದರೆ ಮೈಯ ಪ್ರೋಟೀನ್ ಸೋರಿ ಹೋಗುತ್ತಿದೆ ಅಂತ ಲೆಕ್ಕ. ಸತತ ಮೂರು ದಿನ ಹಾಗೇ ಬಂದರೆ ಡಾಕ್ಟರಿಗೆ ಫೋನ್ ಮಾಡಬೇಕು.

2024ರ ಆಟಿ ತಿಂಗಳಲ್ಲಿ ಶುರುವಾದದ್ದು. ಹೊರಗೆ ಬಿಡದ ಮಳೆ. ಬೆಳಿಗ್ಗೆ ಎದ್ದವನ ಕಣ್ಣು ಊದಿತ್ತು. ಏನೋ ಹುಳ ಕಚ್ಚಿರಬೇಕು ಅಂದುಕೊಂಡೆವು. ಮೂರನೇ ದಿನಕ್ಕೆ ಕಾಲು, ವಾರಕ್ಕೆ ಹೊಟ್ಟೆ. ಚಡ್ಡಿಯ ಇಲಾಸ್ಟಿಕ್ ಸೊಂಟದಲ್ಲಿ ಬೆರಳಿನಷ್ಟು ಆಳದ ಗುರುತು ಮಾಡಿತ್ತು. ದೊಡ್ಡ ಕಾಯಿಲೆ ಅಂದರೆ ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯ ನಮಗೆಲ್ಲ ಮಂಗಳೂರೇ ಗತಿ. ತಲಪಾಡಿ ದಾಟುವಾಗ ಅವನು ನನ್ನ ಮಡಿಲಲ್ಲಿ ಮಲಗಿದ್ದ. ಆಗ ಅವನಿಗೆ ಐದು ವರ್ಷ.

ಕಾಯಿಲೆಯ ಹೆಸರು ನೆಫ್ರೋಟಿಕ್ ಸಿಂಡ್ರೋಮ್. ಕಿಡ್ನಿಯ ಜರಡಿ ಸಡಿಲವಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ. ಸ್ಟಿರಾಯ್ಡ್ ಮಾತ್ರೆ ಆರು ವಾರ ದಿನಾ, ಮತ್ತೆ ಆರು ವಾರ ದಿನ ಬಿಟ್ಟು ದಿನ. ಹೆಚ್ಚಿನ ಮಕ್ಕಳಿಗೆ ಈ ಮಾತ್ರೆ ಹಿಡಿಯುತ್ತದೆ ಅಂತ ಡಾಕ್ಟರ್ ಧೈರ್ಯ ಹೇಳಿದರು. ಆದರೆ ಮರುಕಳಿಸುವುದೂ ಜಾಸ್ತಿ ಅಂತ ಅವತ್ತೇ ಹೇಳಿದ್ದರು. ಆ ಎರಡನೇ ಮಾತು ಅವತ್ತು ನನ್ನ ಕಿವಿಗೆ ಬೀಳಲಿಲ್ಲ.

ಆ ರಾತ್ರಿ ವಾರ್ಡಿನಲ್ಲಿ ಕೂತು ಮಧೂರು ಗಣಪತಿಗೆ ಹರಕೆ ಹೇಳಿಕೊಂಡೆ. ಮಾಣಿಗೆ ಗುಣವಾದ ಕೂಡಲೇ ಸಹಸ್ರಾಪ್ಪ ಸೇವೆ, ಅಂದರೆ ಸಾವಿರ ಸಿಹಿ ಅಪ್ಪದ ನೈವೇದ್ಯ, ಮಾಡಿಸುತ್ತೇನೆ ಅಂತ. ನಮ್ಮ ಕಡೆ ಏನೇ ಕಷ್ಟ ಬಂದರೂ ಬಾಯಿಗೆ ಮೊದಲು ಬರುವುದು ಮಧೂರಿನ ಅಪ್ಪವೇ ಅಲ್ವಾ.

ಮನೆಗೆ ಬಂದ ಮೇಲೆ ಉಪ್ಪು ಕಡಿಮೆ. ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ. ಗಂಜಿಯೂ ಸಪ್ಪೆ. ಸ್ಟಿರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ಹಸಿವು ಜಾಸ್ತಿ. ರಾತ್ರಿ ಎರಡು ಗಂಟೆಗೆ ಎದ್ದು "ಅಮ್ಮಾ, ಹಸಿವು" ಅನ್ನುತ್ತಿದ್ದ. ನಮ್ಮ ಮಾವನಿಗೆ ಮಿಡಿ ಉಪ್ಪಿನಕಾಯಿ ಇಲ್ಲದೆ ಒಂದು ಹೊತ್ತೂ ಗಂಜಿ ಇಳಿಯುವುದಿಲ್ಲ. ಎಪ್ಪತ್ತು ದಾಟಿದ ಜೀವ, ಹುಟ್ಟಿದಂದಿನಿಂದ ಅದೇ ಅಭ್ಯಾಸ. ಒಂದು ದಿನ ಮೊಮ್ಮಗ ಅವರ ಬಟ್ಟಲನ್ನೇ ನೋಡುತ್ತಾ ಕೂತಿದ್ದ. ಮಾವ ಏನೂ ಹೇಳಲಿಲ್ಲ. ಊಟ ಮುಗಿಸಿ ಎದ್ದರು, ಏಣಿ ಇಟ್ಟು, ಭರಣಿಯನ್ನು ಎದೆಗೆ ಒತ್ತಿಕೊಂಡು ಅಟ್ಟಕ್ಕೆ ಏರಿಸಿದರು. ಕೆಳಗೆ ಏಣಿ ಹಿಡಿದುಕೊಂಡವಳು ನಾನು. ಆ ಭರಣಿ ಆಮೇಲೆ ಕೆಳಗೆ ಇಳಿಯಲೇ ಇಲ್ಲ.

ದೇವರು ಎಲ್ಲಿದ್ದಾನೆ ಅಂತ ಆ ದಿನಗಳಲ್ಲಿ ನಾನು ತುಂಬ ಸಲ ಕೇಳಿದ್ದೇನೆ. ಅಡಿಗೆಮನೆಯಲ್ಲಿ ಒಬ್ಬಳೇ ಇದ್ದಾಗ ಜೋರಾಗಿಯೇ ಕೇಳಿದ್ದೇನೆ. ಉತ್ತರ ಬರಲಿಲ್ಲ ಅಂತಲೇ ಅಂದುಕೊಂಡಿದ್ದೆ. ಈಗ ನೆನೆಸಿದರೆ ಆ ಏಣಿ ಕಣ್ಣ ಮುಂದೆ ಬರುತ್ತದೆ. ವಾರ್ಡಿನಲ್ಲಿ ಪಕ್ಕದ ಮಂಚದ ಮಗುವಿನ ಅಮ್ಮನೂ ನೆನಪಾಗುತ್ತಾರೆ. ಕಾಞಂಗಾಡ್ ಕಡೆಯವರು. ಅವರದ್ದು ಮಲಯಾಳ, ನನ್ನದು ಕನ್ನಡ ಬೆರೆಸಿದ ಮಲಯಾಳ. ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ, ತಾರೀಕು, ತೂಕ, ಟ್ಯೂಬಿನ ಫಲ, ಮಾತ್ರೆ ಅಂತ ನಾಲ್ಕು ಸಾಲು ಮಾಡಿಕೊಟ್ಟದ್ದು ಅವರೇ. ಆ ಪುಸ್ತಕವನ್ನು ಈಗಲೂ ದೇವರ ಕೋಣೆಯಲ್ಲೇ ಇಡುತ್ತೇನೆ.

2025ರ ಮಾರ್ಚ್ ಕೊನೆಗೆ ಮಧೂರಿನಲ್ಲಿ ಬ್ರಹ್ಮಕಲಶೋತ್ಸವ ಶುರು, ಏಪ್ರಿಲ್ ಮೊದಲ ವಾರ ಮೂಡಪ್ಪ ಸೇವೆ. ಗಣಪತಿಯನ್ನು ರಾಶಿ ರಾಶಿ ಅಪ್ಪದಿಂದ ಮುಚ್ಚುವ ಸೇವೆ ಅದು. ಹಿಂದೆ ಆದದ್ದು 1992ರಲ್ಲಿ. 33 ವರ್ಷಕ್ಕೆ ಮತ್ತೆ ಬಂದಿತ್ತು. ಇಡೀ ಕಾಸರಗೋಡೇ ಅಲ್ಲಿತ್ತು. ನಾವು ಮಾತ್ರ ಮನೆಯಲ್ಲಿ. ಅದೇ ವಾರ ಟ್ಯೂಬ್ ಮತ್ತೆ ಬೆಳ್ಳಗಾಗಿತ್ತು. ಮಾತ್ರೆ ಶುರುವಾದರೆ ರೋಗ ತಡೆಯುವ ಶಕ್ತಿ ಕಡಿಮೆ, ಜನಸಂದಣಿಗೆ ಕರೆದುಕೊಂಡು ಹೋಗುವಂತಿಲ್ಲ. ನಾನು ಬಾವಿಕಟ್ಟೆಯಲ್ಲಿ ಕೂತು ಅತ್ತೆ. ಹರಕೆ ಹೇಳಿ ತಿಂಗಳುಗಳಾದವು, ಗುಣವೂ ಇಲ್ಲ, ಮೂಡಪ್ಪವೂ ಇಲ್ಲ.

ಸಂಜೆ ನೆರೆಮನೆಯವರು ಬಾಳೆಲೆಯಲ್ಲಿ ಕಟ್ಟಿ ಪ್ರಸಾದದ ಅಪ್ಪ ತಂದುಕೊಟ್ಟರು. ಅಕ್ಕಿ, ಬೆಲ್ಲ, ಕಾಯಿ, ತುಪ್ಪದ ಪರಿಮಳ. ಸಿಹಿಯಾದ ಕಾರಣ ಉಪ್ಪಿನ ಹೆದರಿಕೆ ಇಲ್ಲ. ಆ ಮಾತ್ರೆ ತುಂಬ ಕಹಿ, ದಿನಾ ಬೆಳಿಗ್ಗೆ ಅದಕ್ಕಾಗಿ ಒಂದು ಯುದ್ಧವೇ ಆಗುತ್ತಿತ್ತು. ಮರುದಿನ ಅಪ್ಪದ ಚೂರಿನ ನಡುವೆ ಮಾತ್ರೆ ಇಟ್ಟು ಕೊಟ್ಟೆ. ಸುಮ್ನೆ ನುಂಗಿದ. ನಾವು ಹೋಗಲಾಗದ ಕಡೆಯಿಂದ ಗಣಪತಿಯೇ ಮನೆಗೆ ಬಂದು ಮಾತ್ರೆ ನುಂಗಿಸಿದ ಹಾಗೆ ಆಯಿತು ನನಗೆ.

ಹರಕೆಯ ವಿಚಾರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಇದು ಬಂದು ಹೋಗುತ್ತಾ ಇರುತ್ತದೆ, ಹೆಚ್ಚಿನವರಿಗೆ ದೊಡ್ಡವರಾಗುತ್ತಾ ನಿಂತುಬಿಡುತ್ತದೆ ಅಂತ ಡಾಕ್ಟರ್ ಹೇಳಿದರು. ಹಾಗಾದರೆ "ಗುಣವಾದ ಕೂಡಲೇ" ಅಂದರೆ ಯಾವಾಗ? ಅತ್ತೆಯ ಹತ್ತಿರ ಹೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ, "ಮಾಣಿ ಮಲಗಿದಾಗ ಹೇಳಿಕೊಂಡದ್ದಲ್ವಾ? ಈಗ ಎದ್ದು ಓಡುತ್ತಿದ್ದಾನೆ. ಒಪ್ಪಿಸಿ ಬಾ" ಅಂದರು.

ದೀಪಾವಳಿ ಕಳೆದ ಮೇಲೆ ಒಂದು ಬುಧವಾರ ಹೊರಟೆವು. ಜನ ಕಡಿಮೆ ಇತ್ತು. ಮಳೆಗಾಲದಲ್ಲಿ ಉಕ್ಕಿ ದೇವಸ್ಥಾನದ ಅಂಗಳಕ್ಕೇ ಬರುವ ಮಧುವಾಹಿನಿ ಹೊಳೆ ಆ ದಿನ ತಣ್ಣಗೆ ಹರಿಯುತ್ತಿತ್ತು. ಆನೆಯ ಬೆನ್ನಿನ ಹಾಗೆ ಹಿಂದೆ ದುಂಡಗಿರುವ ಮೂರು ಅಂತಸ್ತಿನ ಗುಡಿ, ಮೇಲೆ ತಾಮ್ರದ ಹೊದಿಕೆ. ನೋಡಿದ ಕೂಡಲೇ ನನ್ನ ಕಣ್ಣು ತುಂಬಿತು.

ಒಳಗೆ ಹೋಗುವಾಗ ಗಂಡಸರು ಅಂಗಿ ತೆಗೆಯುತ್ತಾರೆ. ಇವರೂ ಮಾವನೂ ತೆಗೆದರು. ಮಾಣಿ ಮಾತ್ರ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಅವನು ಯಾರ ಮುಂದೆಯೂ ಅಂಗಿ ತೆಗೆಯುವುದಿಲ್ಲ. ಮಾತ್ರೆಯಿಂದ ಮುಖ ದುಂಡಗೆ, ಹೊಟ್ಟೆ ಮುಂದೆ ಬಂದಿದೆ. ಒಂದನೇ ಕ್ಲಾಸಿನ ಮಕ್ಕಳು "ಬೊಡ್ಡ", ಅಂದರೆ ದಪ್ಪಗಿನವ, ಅಂತ ಕರೆಯುತ್ತಾರಂತೆ. ಮಕ್ಕಳಲ್ವಾ, ಏನು ಗೊತ್ತು. ಆದರೂ ರಾತ್ರಿ ಇವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಮಾವ ಅಲ್ಲೇ ಮೆಟ್ಟಿಲ ಮೇಲೆ ಕೂತು ಅವನನ್ನು ಹತ್ತಿರ ಕರೆದು ಕಥೆ ಹೇಳಿದರು. ಇಲ್ಲಿ ಮೊದಲು ಇದ್ದದ್ದು ಶಿವ, ಮದನಂತೇಶ್ವರ. ಮದರು ಎಂಬ ಮುದುಕಿಗೆ ಸಿಕ್ಕಿದ ಲಿಂಗ. ಗಣಪತಿಯನ್ನು ಯಾರೂ ಪ್ರತಿಷ್ಠೆ ಮಾಡಿದ್ದಲ್ಲ. ಒಬ್ಬ ಹುಡುಗ ಆಡುತ್ತಾ ಗರ್ಭಗುಡಿಯ ತೆಂಕು ಗೋಡೆಯಲ್ಲಿ ಗಣಪತಿಯ ಚಿತ್ರ ಬಿಡಿಸಿದ. ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಬಂತು. ಹುಡುಗ ಅವನನ್ನು ಬೊಡ್ಡಜ್ಜ ಅಂತ ಕರೆದ.

"ದೇವರನ್ನೂ ಬೊಡ್ಡ ಅಂದರಾ?"

"ಹೌದು."

"ದೇವರಿಗೆ ಬೇಜಾರಾಗಲಿಲ್ವಾ ಅಜ್ಜಾ?"

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೇಜಾರಾಗಿದ್ದರೆ ಇಲ್ಲೇ ನಿಲ್ಲುತ್ತಿದ್ದನಾ ಮಾಣಿ?"

ಅವನು ಏನೂ ಹೇಳಲಿಲ್ಲ. ಒಂದೊಂದೇ ಗುಂಡಿ ಬಿಚ್ಚಿ, ಅಂಗಿ ತೆಗೆದು ನನ್ನ ಕೈಗೆ ಕೊಟ್ಟ. ತೆಂಕು ಕಡೆಯ ನಡೆಯಲ್ಲಿ ಅವನ ಅಪ್ಪ ಎತ್ತಿ ಹಿಡಿದರು. ದೀಪದ ಬೆಳಕಿನಲ್ಲಿ ದೊಡ್ಡ ಹೊಟ್ಟೆಯ ಗಣಪತಿ. ಮಾಣಿ ಒಂದು ಕೈ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ನಕ್ಕ. ತಿಂಗಳುಗಳ ನಂತರ ಅಂಥ ನಗು. ನನಗೆ ಆಗ ದೇವರಲ್ಲಿ ಬೇಡಲು ಒಂದು ಮಾತೂ ನೆನಪಾಗಲಿಲ್ಲ. ಸುಮ್ಮನೆ ಕೈಮುಗಿದು ನಿಂತೆ.

ಸೇವೆಯ ಅಪ್ಪವನ್ನು ಮನೆಗೆ ತಂದು ಹಂಚಿದೆವು. ನೆರೆಮನೆಗೆ, ತೋಟದ ಕೆಲಸದವರಿಗೆ, ಅವನ ಕ್ಲಾಸಿನ ಮಕ್ಕಳಿಗೆ. ಕ್ಲಾಸಿಗೆ ಡಬ್ಬಿ ತೆಗೆದುಕೊಂಡು ಹೋದವನು ಅವನೇ. ಬೊಡ್ಡಜ್ಜನ ಕಥೆಯನ್ನೂ ಅವನೇ ಹೇಳಿದನಂತೆ.

ಮಾತ್ರೆ ಇನ್ನೂ ಇದೆ. ದಿನ ಬಿಟ್ಟು ದಿನ. ಟ್ಯೂಬೂ ಇದೆ. ಆದರೆ ಈಗ ಪೇಪರ್ ಹಿಡಿಯುವುದು ನಾನಲ್ಲ. ಅಕ್ಷರ ಕಲಿತ ಮೇಲೆ ಆ ಕೆಲಸ ಅವನೇ ತೆಗೆದುಕೊಂಡಿದ್ದಾನೆ. ಇವತ್ತು ಬೆಳಿಗ್ಗೆಯೂ ಕಿಟಕಿಯ ಹತ್ತಿರ ನಿಂತು ಒಂದು ಕಣ್ಣು ಮುಚ್ಚಿ, ಟ್ಯೂಬಿನ ಮೂಲಕ ಒಂದೊಂದೇ ಅಕ್ಷರ ಕೂಡಿಸಿದ. ನಾನು ಒಲೆಯ ಮುಂದೆ ಉಸಿರು ಹಿಡಿದು ನಿಂತಿದ್ದೆ.

"ಅಮ್ಮಾ, ಓದಲಿಕ್ಕೆ ಆಗ್ತದೆ" ಅಂದ.