ಗಾರ್ಡೋನೆಯಿಂದ ಬಂದ ಕೇಪಿನ ರಿವಾಲ್ವರುಗಳು

ನಮ್ಮ ತೋಟದ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೊಂದಿತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಜಡಿದು, ಕೊನೆಗೆ ಹಿಂಬದಿಯಲ್ಲಿ, ಹ್ಯಾಮರು ಬಡಿದಾಗ ಕಿಡಿ ಹಾರಿಸಿ ಮದ್ದನ್ನು ಹೊತ್ತಿಸುವ ಪುಟ್ಟ ಕೇಪನ್ನು ಕೂರಿಸುವವರೆಗೆ ಅಜ್ಜ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಕೆಲಸದ ನಿಮಿತ್ತ ಇಂಡಿಯಾನಾ ರಾಜ್ಯಕ್ಕೆ ಬಂದು ನೆಲೆಸಿದ ಎಷ್ಟೋ ವರ್ಷಗಳ ನಂತರ, ಇಲ್ಲಿನ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಅಮೆರಿಕದ ಕೋಲ್ಟ್ ಕಂಪನಿಯ ‘ನೇವಿ’ ಎಂಬ 1851ರ ರಿವಾಲ್ವರಿನ ಪ್ರತಿಕೃತಿಯನ್ನು ಕಂಡಾಗ ನಾನು ಮೊದಲು ಗುರುತಿಸಿದ್ದು ಮದ್ದುಗುಂಡು ತುಂಬುವ ಗೂಡುಗಳಿರುವ, ತಿರುಗುವ ಸಿಲಿಂಡರಿನ ಹಿಂಬದಿಯಲ್ಲಿದ್ದ, ಕೇಪು ಕೂರಿಸುವ ಆರು ನಿಪ್ಪಲ್ಲುಗಳನ್ನು. ಅಜ್ಜನ ಕೋವಿಗಿದ್ದುದು ಒಂದೇ, ಇದಕ್ಕೆ ಆರು. ಉಳಿದ ಕ್ರಮವೆಲ್ಲ ಹೆಚ್ಚುಕಡಿಮೆ ಅದೇ. ಅಂದು ಆರಂಭವಾದ ಸಂಗ್ರಹದಲ್ಲಿ ಈಗ ಏಳು ರಿವಾಲ್ವರುಗಳಿವೆ. ಅವುಗಳಲ್ಲಿ ಒಂದೂ ಮೂಲದ್ದಲ್ಲ. ಎಲ್ಲವೂ ಇಟಲಿಯಲ್ಲಿ ತಯಾರಾದ ಪ್ರತಿಕೃತಿಗಳು.

ಮೂಲದ್ದನ್ನೇ ಏಕೆ ಕೊಳ್ಳಬಾರದೆಂದು ಕೆಲವರು ಕೇಳುತ್ತಾರೆ. ನೂರೈವತ್ತು ವರ್ಷ ದಾಟಿದ ಕಬ್ಬಿಣವನ್ನು ನೋಡಬಹುದು, ಅಳೆಯಬಹುದು. ಅದರಲ್ಲಿ ಮದ್ದು ತುಂಬಿ ಹಾರಿಸುವುದು ಆ ವಸ್ತುವಿಗೂ ಕೈಗೂ ಮಾಡುವ ಅನ್ಯಾಯ. ಆದರೆ ಈ ರಿವಾಲ್ವರುಗಳ ಬಗ್ಗೆ ತಿಳಿಯಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು ತಿಳಿಯುವುದು ಹಾರಿಸಿದಾಗಲೇ. ಪ್ರತಿಕೃತಿಯ ಬೆಲೆಯಿರುವುದು ಅಲ್ಲಿ ಎಂದು ನಾನು ನಂಬಿದ್ದೇನೆ.

ಅಮೆರಿಕದ ಅಂತರ್ಯುದ್ಧದ (1861–65) ಶತಮಾನೋತ್ಸವ ಸಮೀಪಿಸುತ್ತಿದ್ದ ದಿನಗಳಲ್ಲಿ, ನೇವಿ ಆರ್ಮ್ಸ್ ಸಂಸ್ಥೆಯ ವಾಲ್ ಫೋರ್ಗೆಟ್ ಎಂಬವರು ಹಳೆಯ ಕೋಲ್ಟ್ ಮಾದರಿಗಳನ್ನು ಮತ್ತೆ ಮಾಡಿಸಲು ಇಟಲಿಯ ಬ್ರೆಷಾ ಪ್ರಾಂತ್ಯದ ಕುಶಲಕರ್ಮಿಗಳ ಬಳಿಗೆ ಹೋದರು. ಅಲ್ಲಿನ ಗಾರ್ಡೋನೆ ವಾಲ್ ಟ್ರೊಂಪಿಯಾ ಶತಮಾನಗಳಿಂದ ಕೋವಿಯ ನಳಿಗೆಗಳನ್ನು ಮಾಡುತ್ತ ಬಂದ ಊರು. ಆಲ್ಡೊ ಉಬೆರ್ಟಿ 1959ರಲ್ಲಿ ಆರಂಭಿಸಿದ ಕಾರ್ಖಾನೆಯೂ, ಸಮೀಪದ ಗುಸ್ಸಾಗೊದ ಪಿಯೆಟ್ಟಾ ಕಾರ್ಖಾನೆಯೂ ಇಂದು ಈ ಬಗೆಯ ರಿವಾಲ್ವರುಗಳಿಗೆ ಹೆಸರಾಗಿವೆ. ಅಲ್ಲಿ ತಯಾರಾದ ಪ್ರತಿಯೊಂದು ಆಯುಧವೂ, ಅದನ್ನು ಹಾರಿಸಿ ಪರೀಕ್ಷಿಸುವ ಪರೀಕ್ಷಾಲಯದ ಮುದ್ರೆಯನ್ನು ಹೊತ್ತಿರುತ್ತದೆ. ಆ ಮುದ್ರೆಗಳ ಜೊತೆಯಲ್ಲೇ ವರ್ಷದ ಸಂಕೇತವೂ ಇರುತ್ತದೆ: ಮೊದಲು ರೋಮನ್ ಅಂಕಿಗಳು, 1975ರಿಂದ ಎರಡು ಅಕ್ಷರಗಳು. ಹಳೆಯ ಪ್ರತಿಕೃತಿಯೊಂದು ಕೈಗೆ ಬಂದಾಗ ಭೂತಗನ್ನಡಿಯಲ್ಲಿ ನಾನು ಮೊದಲು ಹುಡುಕುವುದು ಆ ಸಂಕೇತವನ್ನು.

ಆಮೇಲೆ ನೋಡುವುದು ಸಿಲಿಂಡರಿನ ಮೇಲಿನ ಕೆತ್ತನೆಯನ್ನು. ನೇವಿ ಮಾದರಿಯ ಸಿಲಿಂಡರಿನ ಸುತ್ತ 1843ರ ಮೇ 16ರಂದು ಮೆಕ್ಸಿಕೊದ ಕಾಂಪೆಚೆ ಬಳಿ, ಆಗ ಸ್ವತಂತ್ರ ದೇಶವಾಗಿದ್ದ ಟೆಕ್ಸಾಸ್ ಮತ್ತು ಮೆಕ್ಸಿಕೊ ನೌಕಾಪಡೆಗಳ ನಡುವೆ ನಡೆದ ಕಾಳಗದ ದೃಶ್ಯವಿರುತ್ತದೆ. ಮೂಲಚಿತ್ರವನ್ನು ಕೆತ್ತಿದವನು ವಾಟರ್‌ಮನ್ ಆರ್ಮ್ಸ್‌ಬಿ. ಕೆಲವು ಪ್ರತಿಕೃತಿಗಳಲ್ಲಿ ಹಡಗಿನ ಹಗ್ಗಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದರೆ, ಇನ್ನು ಕೆಲವುಗಳಲ್ಲಿ ಹಾಯಿಗೂ ಹೊಗೆಗೂ ವ್ಯತ್ಯಾಸ ತಿಳಿಯದು.

ಸಂಗ್ರಹಕಾರರು ಬಹಳ ಎಚ್ಚರದಿಂದ ನೋಡಬೇಕಾದದ್ದು ಹಿತ್ತಾಳೆಯ ಚೌಕಟ್ಟಿನ ರಿವಾಲ್ವರುಗಳನ್ನು. ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳಿಗೆ ಕಬ್ಬಿಣ ಮತ್ತು ಉಕ್ಕಿನ ಕೊರತೆಯಿದ್ದುದರಿಂದ ಜಾರ್ಜಿಯಾದ ಗ್ರಿಸ್ವೋಲ್ಡ್ವಿಲ್‌ನಲ್ಲಿ ಸುಮಾರು 3,600 ರಿವಾಲ್ವರುಗಳನ್ನು ಹಿತ್ತಾಳೆಯ ಚೌಕಟ್ಟಿನಲ್ಲಿ ತಯಾರಿಸಲಾಯಿತು. ಅವುಗಳನ್ನು ಮಾಡಿದ ಕೈಗಳಲ್ಲಿ ಹೆಚ್ಚಿನವು ಗುಲಾಮಗಿರಿಯಲ್ಲಿದ್ದ ಕಪ್ಪು ಜನರವು. ಆ ಹೆಸರು ಕೆತ್ತಿಸಿಕೊಳ್ಳದ ಕೈಗಳನ್ನು ನೆನೆಯದೆ ನಾನು ನನ್ನ ಗ್ರಿಸ್ವೋಲ್ಡ್ ಪ್ರತಿಕೃತಿಯನ್ನು ಎತ್ತಿಕೊಳ್ಳುವುದಿಲ್ಲ. 1864ರ ನವೆಂಬರಿನಲ್ಲಿ ಉತ್ತರದ ಸೈನ್ಯ ಆ ಕಾರ್ಖಾನೆಯನ್ನು ಸುಟ್ಟುಹಾಕಿತು. ಅಲ್ಲಿ ತಯಾರಾದವೆಲ್ಲವೂ .36 ಅಳತೆಯವು, ಎಂದರೆ ನಳಿಗೆಯ ಒಳವ್ಯಾಸ ಸುಮಾರು 0.36 ಇಂಚು. ಇಂದು ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ, ಹಿತ್ತಾಳೆಯ ಚೌಕಟ್ಟಿನ .44 ಅಳತೆಯ ‘1851 ನೇವಿ’ ಎಂಬುದು ಹಿಂದೆಂದೂ ಇರಲಿಲ್ಲ. ಹೆಚ್ಚು ಮದ್ದು ಹಾಕಿ ಹಾರಿಸುತ್ತ ಹೋದರೆ ಅದರ ಮೆದುವಾದ ಹಿತ್ತಾಳೆ ಹಿಗ್ಗುತ್ತದೆ. ರೆಮಿಂಗ್‌ಟನ್ನಿನ ರಿವಾಲ್ವರಿಗಿರುವ ‘1858’ ಎಂಬ ಹೆಸರೂ ಹೀಗೆಯೇ ದಾರಿ ತಪ್ಪಿಸುತ್ತದೆ. ಅದು ನಳಿಗೆಯ ಮೇಲೆ ಅಚ್ಚಾಗಿರುವ ಪೇಟೆಂಟಿನ ವರ್ಷ, ನಾವು ಆ ಹೆಸರಿನಿಂದ ಕರೆಯುವ ಮಾದರಿ ತಯಾರಾಗತೊಡಗಿದ್ದು 1863ರಲ್ಲಿ.

ಇನ್ನು ಹಾರಿಸುವ ವಿಷಯ. ನನ್ನ .36 ನೇವಿಗೆ ನಾನು 20 ಗ್ರೇನ್, ಎಂದರೆ ಸುಮಾರು 1.3 ಗ್ರಾಂ ಕಪ್ಪುಮದ್ದನ್ನು ಅಳೆದು ಹಾಕುತ್ತೇನೆ. ಗುಂಡು ಸಿಲಿಂಡರಿನ ಗೂಡಿನಲ್ಲಿ ತೀರ ಆಳಕ್ಕೆ ಇಳಿಯದಿರಲೆಂದು ಮದ್ದಿನ ಮೇಲೆ ಸ್ವಲ್ಪ ರವೆ ಸುರಿಯುವುದು ಗುರಿಕಾರರ ಹಳೆಯ ರೂಢಿ; ಉಪ್ಪಿಟ್ಟಿಗೆ ತಂದ ರವೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಬಳಿಕ .375 ಇಂಚಿನ ಶುದ್ಧ ಸೀಸದ ಗುಂಡನ್ನಿಟ್ಟು ನಳಿಗೆಯ ಕೆಳಗಿನ ಸನ್ನೆಯನ್ನು ಒತ್ತಿದಾಗ, ಗೂಡಿನ ಅಂಚು ಗುಂಡಿನಿಂದ ತೆಳುವಾದ ಸೀಸದ ಬಳೆಯೊಂದನ್ನು ಕತ್ತರಿಸಿ ಹೊರಹಾಕುತ್ತದೆ. ಆ ಬಳೆ ಪೂರ್ತಿಯಾಗಿ ಬಂದರೆ ಗುಂಡು ಬಿಗಿಯಾಗಿ ಕೂತಿದೆ ಎಂದು ಅರ್ಥ. ಗುಂಡು ಸಡಿಲವಾಗಿದ್ದರೆ ಒಂದು ಗೂಡಿನ ಬೆಂಕಿ ಪಕ್ಕದ ಗೂಡುಗಳಿಗೂ ಹಬ್ಬಿ ಹಲವು ಈಡು ಒಟ್ಟಿಗೆ ಸಿಡಿಯಬಹುದು. ಆದ್ದರಿಂದ ಗುಂಡಿನ ಮೇಲೆ ಕೊಬ್ಬನ್ನೂ ಸವರುತ್ತೇನೆ. ಕೇಪುಗಳನ್ನು ಕೂರಿಸುವುದು ಎಲ್ಲಕ್ಕಿಂತ ಕೊನೆಗೆ, ಗುರಿಯ ಕಡೆಗೆ ಮುಖಮಾಡಿ ನಿಂತಾಗ ಮಾತ್ರ. ತುಂಬುವುದು ಐದು, ಹ್ಯಾಮರು ವಿಶ್ರಮಿಸುವ ಆರನೆಯ ಗೂಡು ಬರಿದಾಗಿರುತ್ತದೆ.

ಈಡಿನ ಶಬ್ದ ಇಂದಿನ ಪಿಸ್ತೂಲಿನಂತೆ ಚುರುಕಲ್ಲ; ದಪ್ಪ, ಸ್ವಲ್ಪ ತಡೆದು ಬಂದಂಥದ್ದು. ಬಿಳಿಯ ಹೊಗೆ ಕರಗುವವರೆಗೆ ಗುರಿಯ ಹಲಗೆ ಕಾಣುವುದಿಲ್ಲ. ಮುಂದಿನ ಈಡಿಗೆ ಹ್ಯಾಮರನ್ನು ಎಳೆಯುವಾಗ ನಳಿಗೆಯನ್ನು ಆಕಾಶದತ್ತ ಎತ್ತುವ ಅಭ್ಯಾಸ ಬೇಕು. ಇಲ್ಲವಾದರೆ ಒಡೆದ ಕೇಪಿನ ಚೂರು ಯಂತ್ರದೊಳಗೆ ಬಿದ್ದು ಎಲ್ಲವೂ ಸಿಕ್ಕಿಕೊಳ್ಳುತ್ತದೆ. ಕೋಲ್ಟಿನ ಹಿಂಬದಿಯ ಗುರಿಗಚ್ಚು ಇರುವುದು ಹ್ಯಾಮರಿನ ತುದಿಯಲ್ಲಿ. 25 ಗಜ ದೂರದಲ್ಲಿ ನನ್ನ ನೇವಿ ಗುರಿಗಿಂತ ಸ್ವಲ್ಪ ಮೇಲಕ್ಕೆ ಹೊಡೆಯುತ್ತದೆ. ಮೊದಲು ಇದನ್ನು ದೋಷವೆಂದೇ ತಿಳಿದಿದ್ದೆ. 1865ರ ಜುಲೈ 21ರಂದು ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರಾಂತ ಗುರಿಕಾರ ನೇವಿ ರಿವಾಲ್ವರಿನಿಂದ ಸುಮಾರು 75 ಗಜ ದೂರದಿಂದ ಎದುರಾಳಿಯನ್ನು ಕೊಂದನೆಂಬ ದಾಖಲೆಯನ್ನು ಓದಿದ ಮೇಲೆ, ನಾನೂ ಹಲಗೆಯನ್ನು ಅಷ್ಟೇ ದೂರಕ್ಕೆ ಸರಿಸಿ ನೋಡಿದೆ. ಐದರಲ್ಲಿ ಮೂರು ಗುಂಡುಗಳು ಗುರಿಯಿಟ್ಟ ಎತ್ತರಕ್ಕೇ ಬಿದ್ದಿದ್ದವು.

ಅಮೆರಿಕದ ಕೇಂದ್ರ ಸರ್ಕಾರದ 1968ರ ಕಾನೂನು ಸಿದ್ಧ ತೋಟಾ ಬಳಸದ ಇಂಥ ಪ್ರತಿಕೃತಿಗಳನ್ನು ಪುರಾತನ ಆಯುಧಗಳ ಸಾಲಿಗೆ ಸೇರಿಸಿ ಕಟ್ಟುಪಾಡನ್ನು ಸಡಿಲಿಸುತ್ತದೆ, ಆದರೆ ರಾಜ್ಯಗಳ ನಿಯಮಗಳು ಬೇರೆ ಬೇರೆ. ಭಾರತದಲ್ಲಿರುವ ಓದುಗರು ಈ ಸಡಿಲಿಕೆ ಅಲ್ಲಿಯೂ ಇದೆಯೆಂದು ಭಾವಿಸಬಾರದು.

ಹಾರಿಸಿದ ದಿನದ ರಾತ್ರಿ ರಿವಾಲ್ವರನ್ನು ತೊಳೆಯದೆ ಮಲಗುವಂತಿಲ್ಲ. ಕಪ್ಪುಮದ್ದಿನ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ತಿನ್ನತೊಡಗುತ್ತದೆ. ಕೋಲ್ಟಿನಲ್ಲಿ ಒಂದು ಬೆಣೆಯನ್ನು ತಟ್ಟಿ ತೆಗೆದರೆ ನಳಿಗೆ, ಸಿಲಿಂಡರು, ಚೌಕಟ್ಟು ಮೂರೂ ಬೇರೆಯಾಗುತ್ತವೆ. ನಿಪ್ಪಲ್ಲುಗಳನ್ನು ಬಿಚ್ಚಿ, ಎಲ್ಲವನ್ನೂ ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ತಿಕ್ಕಿ, ಒಣಗಿಸಿ, ಎಣ್ಣೆ ಹಚ್ಚಿ, ಸಿಲಿಂಡರು ತಿರುಗುವ ಅಚ್ಚಿಗೆ ಗ್ರೀಸು ತುಂಬಿ ಜೋಡಿಸಲು ನನಗೆ ಒಂದು ಗಂಟೆ ಹಿಡಿಯುತ್ತದೆ. ಮರುದಿನ ಬೆಳಿಗ್ಗೆ ನಳಿಗೆಯೊಳಗೆ ಬಿಳಿಯ ಬಟ್ಟೆಯ ತುಂಡೊಂದನ್ನು ತೂರಿಸಿ ನೋಡುತ್ತೇನೆ. ಅದು ಕಂದು ಬಣ್ಣಕ್ಕೆ ತಿರುಗಿ ಹೊರಬಂದರೆ ಮತ್ತೆ ನೀರು ಕಾಯಿಸುತ್ತೇನೆ.