ಕಣ ಕಾಯುವ ರಾತ್ರಿ ಓದಬಾರದ ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ, ಅದು ಬೆಕ್ಕು. ಕೊನೆವರೆಗೂ ಬಚ್ಚಿಟ್ಟು ಆಮೇಲೆ ನಿಮ್ಮಿಂದ 'ಓ, ಇಷ್ಟೇನಾ' ಅನ್ನಿಸಿಕೊಳ್ಳುವುದು ಬೇಡ. ಆದರೆ ಕೊಡಗಿನ ಸುಂಟಿಕೊಪ್ಪದ ಹತ್ತಿರದ ನಮ್ಮ ಕಣದಲ್ಲಿ ರಾತ್ರಿ ಒಂದೂವರೆಗೆ ಒಬ್ಬನೇ ಕೂತಿದ್ದಾಗ ಅದು ಬೆಕ್ಕು ಅಂತ ನನಗೆ ಯಾರೂ ಹೇಳಿರಲಿಲ್ಲ.

2025ರ ಜನವರಿ. ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಒಣಗಿದ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೆ.ಜಿ. ಚೀಲಕ್ಕೆ 10,000 ರೂಪಾಯಿಯ ಆಸುಪಾಸು. ಐದಾರು ವರ್ಷದ ಹಿಂದೆ ಇದರ ಅರ್ಧವೂ ಇರಲಿಲ್ಲ, ಆಗ ಕಣದಲ್ಲಿ ಕಾಫಿ ಹರಡಿಟ್ಟು ಊರಿಗೆ ಹೋಗಿಬಂದರೂ ಕೇಳುವವರಿರಲಿಲ್ಲ. ಈಗ ರಾತ್ರಿ ಕಾವಲು ಬೇಕು. ನಮ್ಮಲ್ಲಿ ಆ ಕೆಲಸ ನೋಡುತ್ತಿದ್ದದ್ದು ರೈಟರ್. (ನಮ್ಮ ಕಡೆ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಆಳುಗಳ ಲೆಕ್ಕ ಬರೆಯುವವನು.) ಅವನ ತಂಗಿಯ ಮದುವೆ, ಮೂರು ದಿನ ರಜೆ. ಸರಿ, ನಾನೇ ಕೂರುತ್ತೇನೆ ಅಂದೆ. ಒಂದು ಕಂಬಳಿ, ಟಾರ್ಚು, ಆನೆ ಬಂದರೆ ಇರಲಿ ಅಂತ ನಾಲ್ಕು ಪಟಾಕಿ, ಫ್ಲಾಸ್ಕ್ ತುಂಬ ಬೆಲ್ಲದ ಕಾಫಿ. ಜೊತೆಗೆ ಸ್ನೇಹಿತನೊಬ್ಬ ಕೊಟ್ಟ ಪುಸ್ತಕ.

ಪುಸ್ತಕದ ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಓದುತ್ತೀರಿ. ದೆವ್ವ ಇಲ್ಲ, ರಕ್ತ ಇಲ್ಲ, ಅಂಥದ್ದು ಇದ್ದಿದ್ದರೆ ನಾನು ಆರಾಮಾಗಿ ನಿದ್ದೆ ಮಾಡುತ್ತಿದ್ದೆ. ಒಬ್ಬಳು ಹೆಂಗಸು ಒಂದು ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ರಾತ್ರಿ ಚಿಲಕ ಹಾಕಿ ಮಲಗುತ್ತಾಳೆ. ಬೆಳಿಗ್ಗೆ ಚಿಲಕ ಹಾಕಿದ ಹಾಗೇ ಇರುತ್ತದೆ, ಆದರೆ ಬಾಗಿಲ ಹತ್ತಿರ ಬಿಟ್ಟ ಅವಳ ಚಪ್ಪಲಿ ಒದ್ದೆ. ಅಷ್ಟೇ. ನೂರು ಪುಟ ಹೀಗೇ. ಬರೆದವರು ಏನನ್ನೂ ವಿವರಿಸುವುದಿಲ್ಲ, ಅವಳೂ ಯಾರಿಗೂ ಹೇಳುವುದಿಲ್ಲ, ದಿನಾ ಬೆಳಿಗ್ಗೆ ಚಪ್ಪಲಿಯನ್ನು ಬಿಸಿಲಿಗೆ ಇಟ್ಟು ಸುಮ್ನೆ ಕೆಲಸಕ್ಕೆ ಹೋಗುತ್ತಾಳೆ. ನನಗೆ ಕೈಕಾಲು ತಣ್ಣಗಾದದ್ದು ಆ ಬಿಸಿಲಿಗಿಡುವ ಜಾಗದಲ್ಲೇ.

ಹೆದರಿಕೆ ಕಡಿಮೆ ಮಾಡಿಕೊಳ್ಳಲು ಕಾಫಿ ಕುಡಿದೆ. ಎಂಥಾ ದಡ್ಡ ಕೆಲಸ ನೋಡಿ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು, ಕುಡಿದದ್ದರಲ್ಲಿ ಅರ್ಧ ಮೈಯಿಂದ ಇಳಿಯುವುದಕ್ಕೇ ಐದು ಗಂಟೆ ಬೇಕು. ನಾನು ಸಂಜೆ ಏಳಕ್ಕೆ ಒಂದು, ಹತ್ತಕ್ಕೆ ಒಂದು, ಹನ್ನೆರಡಕ್ಕೆ ಇನ್ನೊಂದು ಲೋಟ ಏರಿಸಿದ್ದೆ. ಅದೂ ನಮ್ಮ ಮನೆಯ ಪುಡಿ. ಬೆಳೆಗಾರರ ಮನೆ ಅಂದರೆ ಒಳ್ಳೆಯ ಕಾಫಿ ಕುಡಿಯುತ್ತಾರೆ ಅಂದುಕೊಂಡವರಿಗೆ ಒಂದು ಮಾತು: ದಪ್ಪ ಕಾಯಿ ಚೀಲಕ್ಕೆ, ಉದುರಿದ್ದು, ಒಡೆದದ್ದು, ನೆಲದಿಂದ ಹೆಕ್ಕಿದ್ದು ನಮ್ಮ ಲೋಟಕ್ಕೆ. ಹದ ಮೀರಿ ಹುರಿದು ಕಪ್ಪಾದ ಆ ಪುಡಿಯ ರುಚಿ ನನಗೆ ಇನ್ಯಾವ ಹೋಟೆಲಿನಲ್ಲೂ ಸಿಕ್ಕಿಲ್ಲ. ಎದೆ ಡವಡವ ಅನ್ನುತ್ತಿತ್ತು. ಪುಸ್ತಕಕ್ಕೋ ಡಿಕಾಕ್ಷನ್ನಿಗೋ, ಈಗಲೂ ಗೊತ್ತಿಲ್ಲ.

ಪುಸ್ತಕ ಮುಚ್ಚಿ ಫೋನ್ ತೆಗೆದೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ ನನಗೆ ಲೋಕದ ಕಾಫಿ ಸುದ್ದಿಗಳನ್ನೆಲ್ಲ ಕಳಿಸುತ್ತಾನೆ, ನಾನು ಕಾಫಿ ಬೆಳೆಯುವವನು ಅನ್ನುವ ಒಂದೇ ಕಾರಣಕ್ಕೆ. 2023ರಲ್ಲಿ ಸ್ಟಾರ್‌ಬಕ್ಸ್‌ನವರು ಇಟಲಿಯಲ್ಲಿ ಕಾಫಿಗೆ ಒಂದು ಚಮಚ ಆಲಿವ್ ಎಣ್ಣೆ ಬೆರೆಸಿ ಮಾರಿದ ಸುದ್ದಿ ಬಂದಾಗ ಮನೆಯವಳು 'ಸಾಸಿವೆ ಸಿಡಿಸಲಿಲ್ವಾ?' ಅಂತ ಕೇಳಿದ್ದಳು. ಆಮೇಲೆ ಥಾಯ್ಲೆಂಡಿನ ದುಬಾರಿ ಆನೆ ಕಾಫಿ. ಆನೆಗೆ ಕಾಫಿ ಹಣ್ಣು ತಿನ್ನಿಸಿ ಲದ್ದಿಯಿಂದ ಬೀಜ ಆರಿಸುತ್ತಾರೆ, ಒಂದು ಕೆ.ಜಿ. ಕಾಫಿ ಸಿಗಬೇಕಾದರೆ 33 ಕೆ.ಜಿ. ಹಣ್ಣು ತಿನ್ನಿಸಬೇಕಂತೆ. ನಮ್ಮಲ್ಲಿ ಆನೆಗಳು ಕರೆಯದೇ ಬಂದು ಹಣ್ಣು ತಿಂದು, ಗೇಟು ಮುರಿದು, ಲದ್ದಿ ಹಾಕಿ ಹೋಗುತ್ತವೆ. ಹಾಗಾದರೆ ಎಷ್ಟು ಲಕ್ಷ ಹೋಯಿತು ಅಂತ ಲೆಕ್ಕ ಹಾಕಿ ನಕ್ಕಿದ್ದೆವು.

ಅವತ್ತು ರಾತ್ರಿ ಅವನು ಕಳಿಸಿದ್ದು ಕೋಪಿ ಲುವಾಕ್, ಅಂದರೆ ಬೆಕ್ಕಿನ ಕಾಫಿ. ಇಂಡೋನೇಷ್ಯಾದ್ದು. ಡಚ್ಚರ ತೋಟಗಳಲ್ಲಿ ಆಳುಗಳು ಕಾಫಿ ಮುಟ್ಟುವ ಹಾಗಿರಲಿಲ್ಲವಂತೆ, ಅದಕ್ಕೇ ಅವರು ಕಬ್ಬೆಕ್ಕು (ಪುನುಗು ಬೆಕ್ಕಿನ ಜಾತಿಯ ಕಾಡುಪ್ರಾಣಿ) ಹಣ್ಣು ತಿಂದು ಲದ್ದಿಯಲ್ಲಿ ಹಾಕಿದ ಬೀಜವನ್ನು ಹೆಕ್ಕಿ ತೊಳೆದು ಹುರಿದು ಕುಡಿಯುತ್ತಿದ್ದರಂತೆ. ಈಗ ಅದು ಶ್ರೀಮಂತರ ಕಾಫಿ. ನಮ್ಮ ಕೊಡಗಿನಲ್ಲೂ ಮಾರುವವರಿದ್ದಾರೆ. ಸುದ್ದಿಯ ಜೊತೆಗೆ ವಿಡಿಯೋ ಇತ್ತು. ಮೊದಲು ಕಾಡು, ಬೆಕ್ಕು, ಹಿಂದೆ ಸಂಗೀತ. ಅದು ಮುಗಿದಾಗ ತಾನಾಗಿ ಇನ್ನೊಂದು ಶುರುವಾಯಿತು. ತಂತಿ ಪಂಜರಗಳ ಸಾಲು, ಒಂದೊಂದರಲ್ಲೂ ಒಂದು ಬೆಕ್ಕು, ಮುಂದೆ ತಟ್ಟೆಯಲ್ಲಿ ಬರೀ ಕಾಫಿ ಹಣ್ಣು. ಒಂದು ಬೆಕ್ಕು ಪಂಜರದ ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತದೆ, ತಿರುಗುತ್ತದೆ, ಬರುತ್ತದೆ, ಮತ್ತೆ ಅದೇ. 1991ರಲ್ಲಿ ಈ ಕಾಫಿಯನ್ನು ಇಂಗ್ಲೆಂಡಿಗೆ ತಂದ ಟೋನಿ ವೈಲ್ಡ್ ಅನ್ನುವ ವ್ಯಾಪಾರಿಯೇ ಇಂಥ ಪಂಜರಗಳನ್ನು ಕಂಡ ಮೇಲೆ ಇದನ್ನು ಕುಡಿಯಬೇಡಿ ಅಂತ ಪ್ರಚಾರಕ್ಕಿಳಿದ. ಆ ಬೆಕ್ಕು ತಿರುಗುವುದನ್ನು ಎಷ್ಟು ಹೊತ್ತು ನೋಡಿದೆನೋ.

ಆಗ ಕಣದ ಆ ತುದಿಯಲ್ಲಿ ಸದ್ದಾಯಿತು.

ಒಣಗಿದ ಚೆರಿ ಸಿಮೆಂಟಿನ ಮೇಲೆ ಉರುಳಿದರೆ ಗಲಗಲ ಅನ್ನುತ್ತದೆ, ಒಳಗಿನ ಬೀಜ ಅಲುಗಿ. ಸಂಜೆಯೇ ಎಲ್ಲ ರಾಶಿ ಮಾಡಿ ಟಾರ್ಪಾಲ್ ಹೊದಿಸಿ ಕಲ್ಲು ಇಟ್ಟಿದ್ದೆವು. ಉರುಳಲು ಕಾರಣವೇ ಇಲ್ಲ. ಗಲಗಲ. ನಿಂತಿತು. ಮತ್ತೆ ಗಲಗಲ. ಆನೆಯಾದರೆ ಪಟಾಕಿ ಇದೆ. ಕಳ್ಳನಾದರೆ ಕೂಗಿದರೆ ಆಳುಗಳಿರುವ ಲೈನ್ ಮನೆಯಿಂದ ನಾಲ್ಕು ಜನ ಓಡಿಬರುತ್ತಾರೆ. ಚಪ್ಪಲಿ ಒದ್ದೆ ಮಾಡುವವರಾದರೆ ಏನು ಮಾಡುವುದು ಅಂತ ಪುಸ್ತಕದಲ್ಲಿ ಬರೆದಿರಲಿಲ್ಲ. 'ಯಾರದು?' ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಟಾರ್ಚು ಹಾಕಿದೆ. ಟಾರ್ಪಾಲಿನ ಅಂಚಿನಲ್ಲಿ ಎರಡು ಕಣ್ಣು ಹೊಳೆದವು, ಹಿಂದೆ ಮೈಯಷ್ಟೇ ಉದ್ದದ ಬಾಲ. ಕಬ್ಬೆಕ್ಕು. ನನ್ನನ್ನು ನೋಡಿತು, ಏನೂ ಅವಸರವಿಲ್ಲದೆ ತಡೆಗೋಡೆ ಹತ್ತಿ ಸಿಲ್ವರ್ ಮರದ ಕಡೆ ಹೋಯಿತು.

ನಗು ಬಂತು ಅನ್ನಬೇಕು, ಆದರೆ ಬರಲಿಲ್ಲ. ಈಗ ತಾನೇ ಫೋನಿನಲ್ಲಿ ತಿರುಗುತ್ತಿದ್ದ ಅದೇ ಮುಖ, ಕಣ್ಣ ಸುತ್ತ ಅದೇ ಕಪ್ಪು.

ಬೆಳಿಗ್ಗೆ ನೋಡಿದರೆ ತಡೆಗೋಡೆಯ ಮೇಲೆ ಅದರ ಗುರುತು. ಕಡಲೆಮಿಠಾಯಿ ತುಂಡಿನ ಹಾಗೆ ಬೀಜಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ತಿರುಳು ಮಾತ್ರ ಅದರ ಹೊಟ್ಟೆಗೆ, ಬೀಜ ಹೊಟ್ಟಿನ ಸಮೇತ ಇಡಿಯಾಗಿಯೇ ಇತ್ತು. ಬೇಕಂತಲೇ ತೋಟದಲ್ಲಿ ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿ ತಿನ್ನುತ್ತದೆ ಈ ಪ್ರಾಣಿ, ನಮ್ಮ ಆಳುಗಳಿಗೂ ಅಷ್ಟು ನಾಜೂಕಿಲ್ಲ. ಫೋಟೋ ತೆಗೆದು ಅಕ್ಕನ ಮಗನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು.

'ಮಾವ, ಅದನ್ನ ಬಿಡ್ಬೇಡಿ! ಒಂದು ಗೂಡು ಮಾಡಿಸಿ ಹಿಡ್ಕೊಳ್ಳಿ, ಕೆ.ಜಿ.ಗೆ ಸಾವಿರಗಟ್ಟಲೆ ಸಿಗತ್ತೆ.'

'ನೀನು ಕಳಿಸಿದ ವಿಡಿಯೋ ಮುಗಿದ ಮೇಲೆ ಬರುತ್ತಲ್ಲ, ಅದನ್ನು ನೋಡಿದ್ಯೇನೋ?'

'ಇಲ್ಲ ಮಾವ, ಏನದು?'

ನೋಡು ಅಂದೆ. ವನ್ಯಜೀವಿ ಕಾಯ್ದೆ 1972ರಿಂದಲೂ ಇದೆ, ಹಿಡಿದರೆ ನನ್ನನ್ನೇ ಗೂಡಿಗೆ ಹಾಕುತ್ತಾರೆ ಅಂತಲೂ ಸೇರಿಸಿದೆ. ಮಧ್ಯಾಹ್ನದವರೆಗೂ ಅವನಿಂದ ಏನೂ ಬರಲಿಲ್ಲ. ಯಾವತ್ತೂ ಹಾಗಿರುವವನಲ್ಲ.

ಲೈನ್ ಮನೆಯ ಅಕ್ಕ ಕಣ ಗುಡಿಸುತ್ತಾ ಬಂದವರು ಗೋಡೆ ಮೇಲಿದ್ದದ್ದನ್ನು ಮೊರಕ್ಕೆ ಎತ್ತಿಕೊಂಡು, ನನ್ನ ಕೇಳದೇ, ಬಾವಿಯ ಪಕ್ಕದ ಮಣ್ಣಿಗೆ ಸುರಿದರು. 'ಇದು ಬೇಗ ಹುಟ್ಟುತ್ತೆ ಸಾರ್' ಅಂದರು. ಅಲ್ಲಿ ಆಗಲೇ ಮೂರು ಗಿಡ ಮೊಣಕಾಲೆತ್ತರ ಬಂದಿವೆ, ನಾವು ಯಾರೂ ನೆಟ್ಟದ್ದಲ್ಲ.

ಪುಸ್ತಕದ ಕೊನೆಯ ನಲವತ್ತು ಪುಟವನ್ನು ಅವತ್ತೇ ಮಧ್ಯಾಹ್ನ ಎರಡು ಗಂಟೆಗೆ ಓದಿ ಮುಗಿಸಿದೆ, ಸುಡುಬಿಸಿಲಲ್ಲಿ, ಕಣದಲ್ಲಿ ಆರು ಜನ ಕಾಫಿ ಕೆದಕುತ್ತಿದ್ದಾಗ ಅವರ ಮಧ್ಯದಲ್ಲೇ ಕುರ್ಚಿ ಹಾಕಿಕೊಂಡು. ಕೊನೆಯಲ್ಲೂ ಏನೂ ವಿವರಿಸಿಲ್ಲ. ರೈಟರ್ ಬರುವುದಕ್ಕೆ ಇನ್ನೂ ಎರಡು ರಾತ್ರಿ ಬಾಕಿ ಇತ್ತು, ಎರಡೂ ರಾತ್ರಿ ನಾನು ಚಪ್ಪಲಿಯನ್ನು ಕಾಲಲ್ಲೇ ಹಾಕಿಕೊಂಡು ಕೂತಿದ್ದೆ.